252 ಹುಡುಗರಿಗೆ ಆರು ಭಂಡಾರಿಗರು

ನಮ್ಮ ಇರಕಲ್ಲಗಡದ ಕಡೆಯವರಿಗೆ ಹಳೆಯ ಕಟ್ಟಡವೆಂದರೆ ಮೊದಲು ನೆನಪಾಗುವುದು ಇಟಗಿಯ ಮಹಾದೇವ ದೇವಾಲಯ. ಅದು 1112ರದು. ಅದಕ್ಕಿಂತ 54 ವರ್ಷ ಮೊದಲೇ, ಇದೇ ಕಲ್ಯಾಣ ನಾಡಿನ ನಾಗಾವಿಯಲ್ಲಿ ಒಂದು ಗ್ರಂಥಾಲಯ ನಡೆಯುತ್ತಿತ್ತು. ಅಲ್ಲಿ ಪುಸ್ತಕ ಕಾಯುವವರೇ ಆರು ಜನ!

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ಊರು ನಾಗಾವಿ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಕಟ್ಟಿಸಿದ. 1058ರ ಶಾಸನ ಲೆಕ್ಕವನ್ನು ಬಿಡಿಬಿಡಿಯಾಗಿ ಒಪ್ಪಿಸುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಕಲಿಸುವವರು ಒಟ್ಟು ಆರು, ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ಕಾಯುವವರು, ಆರು.

ಈ ಕೊನೆಯ ಎರಡು ಅಂಕಿಗಳ ಮುಂದೆ ನಾನು ಪ್ರತಿಸಲ ನಿಂತುಬಿಡುತ್ತೇನೆ. ಗುರುಗಳು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ. 42 ಹುಡುಗರಿಗೆ ಒಬ್ಬ ಭಂಡಾರಿಗ. ಇವತ್ತು ಒಂದಿಡೀ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಒಬ್ಬರೇ ಮೇಲ್ವಿಚಾರಕರು. ಕಾಲದ ಲೆಕ್ಕ ನೋಡಿದರೂ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಬೋಡ್ಲಿಯನ್ ಗ್ರಂಥಾಲಯ ಬಾಗಿಲು ತೆರೆದದ್ದು 1602ರಲ್ಲಿ, ಅಂದರೆ ಈ ಶಾಸನ ಕೆತ್ತಿ 544 ವರ್ಷಗಳಾದ ಮೇಲೆ.

ಆರು ಜನ ಯಾಕೆ ಬೇಕಿತ್ತು? ಒಂದು ಓಲೆಗರಿ ಕಟ್ಟನ್ನು ಕೈಗೆತ್ತಿಕೊಂಡರೆ ತಿಳಿಯುತ್ತದೆ. ಅಗಲ ಎರಡು ಬೆರಳು. ಕಂಟ ಎಂಬ ಲೋಹದ ಲೇಖನಿಯಿಂದ ಗೀರಿದ ಅಕ್ಷರ ಕಾಣಬೇಕಾದರೆ ಮಸಿ ತಿಕ್ಕಬೇಕು. ಗರಿ ಒಣಗಿ ಸೀಳದಂತೆ ಎಣ್ಣೆ ಸವರಬೇಕು. ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕು. ಗೆದ್ದಲು ಬಂದರೆ ಗರಿಯನ್ನೂ ಬಿಡುವುದಿಲ್ಲ, ಹಲಗೆಯನ್ನೂ ಬಿಡುವುದಿಲ್ಲ. ಒಬ್ಬೊಬ್ಬ ಹುಡುಗ ದಿನಕ್ಕೆ ಒಂದೇ ಕಟ್ಟು ಕೇಳಿದ ಅಂತಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ ಪಾಠವಾದರೆ 75,600 ಸಲ ಬಿಚ್ಚಿ ಕಟ್ಟಬೇಕು. ಇದು ನನ್ನ ಗುಣಾಕಾರ, ಶಾಸನದ್ದಲ್ಲ. ಆದರೆ ಈ ದುಡಿಮೆಯ ಭಾರ ಬಲ್ಲವರೇ ಆರು ಜನರನ್ನು ನೇಮಿಸಿರಬೇಕು. ಒಂದು ಗರಿ ಮುಕ್ಕಾದರೆ ಅದರ ಪಾಠವನ್ನು ಇನ್ನೊಂದು ಪ್ರತಿಯಿಂದ ಕೈಯಲ್ಲೇ ಬರೆದು ತುಂಬಬೇಕಿದ್ದ ಕಾಲವದು.

ನಾಗಾವಿಯ ಅರವತ್ತು ಕಂಬದ ಗುಡಿ ಈಗಲೂ ನಿಂತಿದೆ. ಆ 252 ಹುಡುಗರನ್ನೂ ಮನಸ್ಸಿನಲ್ಲೇ ಒಳಗೆ ಕರೆತಂದು ಕೂರಿಸಿ ನೋಡಿದ್ದೇನೆ. ಒಂದೊಂದು ಕಂಬಕ್ಕೆ ನಾಲ್ವರು ಬೆನ್ನು ಒರಗಿಸಿ ಕೂತರೂ 12 ಹುಡುಗರಿಗೆ ಕಂಬ ಸಿಗುವುದಿಲ್ಲ.