ಅಜ್ಜಿಯ ಅಂಚೆ ಮತ, ನನ್ನ ಫಾರಂ 8

2023ರ ಮೇ 10. ವಿಧಾನಸಭಾ ಚುನಾವಣೆ, ಆಫೀಸಿಗೆ ರಜೆ. ಬೆಂಗಳೂರಿನ ನನ್ನ ಬಾಡಿಗೆ ಮನೆ ಪಕ್ಕದ ಮತಗಟ್ಟೆಗೆ ವೋಟರ್ ಐಡಿ ಹಿಡ್ಕೊಂಡು ಹೋದೆ. "ನಿಮ್ಮ ಹೆಸರು ಈ ಲಿಸ್ಟಲ್ಲಿ ಇಲ್ವಲ್ಲ ಸರ್" ಅಂದ್ರು. ಇರೋದಾದ್ರೂ ಹೇಗೆ? ಹೆಸರು ಹಾಸನ ಜಿಲ್ಲೆಯ ನಮ್ಮೂರಲ್ಲೇ ಇತ್ತು. ಕಾರ್ಡ್ ಇದ್ರೆ ಸಾಕು ಅಂದ್ಕೊಂಡಿದ್ದೆ. ಸಾಲದು, ಆ ಬೂತಿನ ಪಟ್ಟಿಯಲ್ಲೇ ಹೆಸರಿರಬೇಕು.

ಸಂಜೆ ಅಜ್ಜಿ ಫೋನ್ ಮಾಡಿದ್ರು. 87ರ ವಯಸ್ಸಲ್ಲಿ ಅಪ್ಪನ ಕೈ ಹಿಡ್ಕೊಂಡು ಊರ ಶಾಲೆವರೆಗೂ ನಡೆದು ವೋಟ್ ಹಾಕಿ ಬಂದಿದ್ರು. "ನೀನು ಹಾಕ್ದೇನೋ ಮಗಾ?" "ಹ್ಞೂಂ ಅಜ್ಜಿ" ಅಂತ ಸುಳ್ಳು ಹೇಳಿದೆ.

ಆ ಸುಳ್ಳು ಚುಚ್ಚುತ್ತಲೇ ಇತ್ತು. ಮುಂದಿನ ತಿಂಗಳೇ ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಫಾರಂ 8 ತುಂಬಿದೆ. ಹೆಸರನ್ನ ಹೊಸ ವಿಳಾಸಕ್ಕೆ ವರ್ಗಾಯಿಸೋದಕ್ಕೆ ಇದೇ ಫಾರಂ. ಮೊದಲ ಸಲ ಹೆಸರು ಸೇರಿಸೋರಿಗೆ ಫಾರಂ 6. ಬಿಎಲ್‌ಒ ಮನೆಗೆ ಬಂದು ವಿಳಾಸ ನೋಡ್ಕೊಂಡು ಹೋದ್ರು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ್ರೆ ಆ ಚುನಾವಣೆಗೆ ಪಟ್ಟಿ ಬದಲಾಗಲ್ಲ. ಅದಕ್ಕೇ ಮನೆ ಬದಲಿಸಿದಾಗ ಗ್ಯಾಸ್ ಕನೆಕ್ಷನ್ ಜೊತೆಗೆ ಇದನ್ನೂ ಮುಗಿಸಿಬಿಡಿ.

2024ರ ಲೋಕಸಭಾ ಚುನಾವಣೆ ಹೊತ್ತಿಗೆ ಅಜ್ಜಿಗೆ ಸೊಂಟದ ಮೂಳೆ ಮುರಿದಿತ್ತು. 85 ದಾಟಿದವರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರೋರು ಮನೆಯಿಂದಲೇ ಅಂಚೆ ಮತ ಹಾಕಬಹುದು. ಅಧಿಸೂಚನೆ ಬಂದ 5 ದಿನದೊಳಗೆ ಫಾರಂ 12ಡಿ ಕೊಡಬೇಕು. ಅದು ಮಂಜೂರಾದ ಮೇಲೆ ಬೂತಿಗೆ ಹೋಗಿ ಹಾಕೋ ಹಾಗಿಲ್ಲ. "ಹಂಗಾದ್ರೆ ಶಾಲೆ ಹತ್ರ ಹೋಗೋದೇ ಇಲ್ವಾ?" ಅಂತ ಅಜ್ಜಿ ಸಪ್ಪಗಾದ್ರು. ಆಮೇಲೆ ಸಹಿ ಹಾಕಿದ್ರು.

ಏಪ್ರಿಲ್‌ನಲ್ಲಿ ಅಧಿಕಾರಿಗಳು, ಪೊಲೀಸ್, ವಿಡಿಯೋ ತೆಗೆಯೋರು ಮನೆಗೆ ಬಂದ್ರು. ನಾನೂ ಊರಿಗೆ ಹೋಗಿದ್ದೆ. ಮಂಚದ ಮುಂದೆ ರಟ್ಟಿನ ಮರೆ ಇಟ್ರು. ಸಹಾಯಕ್ಕೆ ನಿಂತಿದ್ದ ನನಗೆ ಅಜ್ಜಿ, "ನೀನು ಆಚೆ ಹೋಗು" ಅಂದ್ರು. ಗುರುತು ಹಾಕಿದ ಮತಪತ್ರ ಒಂದು ಲಕೋಟೆಗೆ. ಆ ಲಕೋಟೆ, ಸಹಿ ಮಾಡಿದ ಘೋಷಣಾ ಪತ್ರ ಎರಡೂ ಇನ್ನೊಂದು ದೊಡ್ಡ ಲಕೋಟೆಗೆ. ಎಲ್ಲ ಮುಗಿದಾಗ ಅಜ್ಜಿ ಮುಖದಲ್ಲಿ ನಗು.

ನಮ್ಮಂಥ ಐಟಿಯವರಿಗೆ ಈ ಸೌಲಭ್ಯ ಇಲ್ಲ. ವಿದೇಶದಲ್ಲಿರೋ ಗೆಳೆಯರೂ ಫಾರಂ 6ಎ ಕೊಟ್ಟು ಹೆಸರು ಸೇರಿಸಿ, ಪಾಸ್‌ಪೋರ್ಟ್ ಹಿಡ್ಕೊಂಡು ಖುದ್ದಾಗಿ ಊರಿಗೆ ಬರಬೇಕು.

ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ 7ಕ್ಕೇ ಬೆಂಗಳೂರಿನ ಬೂತಿನ ಕ್ಯೂನಲ್ಲಿ ನಿಂತೆ. ಬರೀ ವೋಟರ್ ಸ್ಲಿಪ್ ಗುರುತಿನ ಚೀಟಿ ಆಗಲ್ಲ. ವೋಟರ್ ಐಡಿ, ಇಲ್ಲದಿದ್ರೆ ಆಧಾರ್, ಪಾನ್, ಡಿಎಲ್‌ನಂಥದ್ದು ಬೇಕು. ಮೊಬೈಲ್ ಒಳಗೆ ಒಯ್ಯೋ ಹಾಗಿಲ್ಲ. ಎಡಗೈ ತೋರುಬೆರಳಿಗೆ ನಮ್ಮ ಮೈಸೂರಿನದೇ ಶಾಯಿ. ಬಟನ್ ಒತ್ತಿದ ಮೇಲೆ ವಿವಿಪ್ಯಾಟ್ ಕಿಂಡಿಯಲ್ಲಿ 7 ಸೆಕೆಂಡ್ ಚೀಟಿ ಕಾಣುತ್ತೆ, ನೋಡಿಯೇ ಹೊರಗೆ ಬನ್ನಿ. ಸಂಜೆ 6ಕ್ಕೆ ಕ್ಯೂನಲ್ಲಿ ಇದ್ದವರಿಗೂ ವೋಟ್ ಇದೆ, ವಾಪಸ್ ಬರಬೇಡಿ.

ಮನೆಗೆ ಬಂದು ವಿಡಿಯೋ ಕಾಲ್ ಮಾಡಿ ಬೆರಳು ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದ್ರು.

"ಹೋದ ಸಲ ತೋರಿಸ್ಲಿಲ್ಲ ನೀನು" ಅಂದ್ರು.