ಹೆಸರು ಪೆಟ್ಟಿಯದು, ಗಿಟಾರ್ ಕ್ಯಾಂಬೆಲ್‌ನದು

ಹೋದ ವರ್ಷದ ಅಪ್ರೈಸಲ್ ದಿನ. ಆರು ವರ್ಷ ನನ್ನ ಪಕ್ಕದ ಸೀಟಲ್ಲೇ ಕೂತು ಕೋಡ್ ಬರೆದ ಗೆಳೆಯ ಮ್ಯಾನೇಜರ್ ಆದ. ನಾನು ಇದ್ದಲ್ಲೇ ಇದ್ದೆ. ಅವನು ಕ್ಲೈಂಟ್ ಎದುರು ಡೆಮೊ ಕೊಡುತ್ತಿದ್ದ ಪ್ರಾಡಕ್ಟ್‌ನಲ್ಲಿ ಅರ್ಧ ನಾನು ಬರೆದದ್ದು. "ಕಂಗ್ರಾಟ್ಸ್ ಮಗಾ" ಅಂತ ಕೈ ಕುಲುಕಿ, ಮೆಟ್ರೋ ಹತ್ತಿ, ಫೋನಲ್ಲೇ ರಾಜೀನಾಮೆ ಟೈಪ್ ಮಾಡೋಕೆ ಶುರು ಮಾಡಿದೆ.

ಕಿವಿಯಲ್ಲಿ ಇಯರ್‌ಫೋನ್ ಇತ್ತು. ಹಾಸ್ಟೆಲ್ ದಿನಗಳಿಂದ ಕೇಳುತ್ತಿರುವ ಟಾಮ್ ಪೆಟ್ಟಿಯ 'ರನ್ನಿಂಗ್ ಡೌನ್ ಎ ಡ್ರೀಮ್' ಬಂತು. ಹಾಡಿನ ಕೊನೆಯಲ್ಲಿ ಗಿಟಾರ್ ಮುಂದೆ ನುಗ್ಗಿ ಓಡುತ್ತದೆ. ನಮ್ಮ ಕಛೇರಿಯಲ್ಲಿ ಗಾಯಕರು ಸುಮ್ಮನೆ ತಾಳ ಹಾಕುತ್ತಾ ಮೃದಂಗಕ್ಕೆ ತನಿ ಬಿಟ್ಟುಕೊಡುತ್ತಾರಲ್ಲ, ಹಾಗೆ. ಆಗ ಅನ್ನಿಸಿತು, ಇಷ್ಟು ವರ್ಷ ಕೇಳಿದ್ದೀನಿ, ಇದನ್ನು ನುಡಿಸಿದವನ ಹೆಸರೇ ನಂಗೆ ಗೊತ್ತಿಲ್ಲವಲ್ಲ!

ಅವನ ಹೆಸರು ಮೈಕ್ ಕ್ಯಾಂಬೆಲ್.

1970ರ ಸುಮಾರು, ಅಮೆರಿಕದ ಫ್ಲಾರಿಡಾದ ಗೇನ್ಸ್‌ವಿಲ್. ಪೆಟ್ಟಿ ತನ್ನ 'ಮಡ್‌ಕ್ರಚ್' ಬ್ಯಾಂಡಿಗೆ ಡ್ರಮ್ಮರ್ ಹುಡುಕಿಕೊಂಡು ಒಂದು ಹಳೇ ಮನೆಗೆ ಹೋಗಿದ್ದ. ಗಿಟಾರ್ ನುಡಿಸುವವನೂ ಬೇಕಿತ್ತು. ಡ್ರಮ್ಮರ್ ತನ್ನ ರೂಮ್‌ಮೇಟ್‌ನನ್ನು ಕರೆದ. ಒಳಗಿಂದ ಬಂದ ಹುಡುಗನ ಕೈಯಲ್ಲಿ ಅಗ್ಗದ ಜಪಾನಿ ಗಿಟಾರ್. ನುಡಿಸಿದ್ದು ಚಕ್ ಬೆರಿಯ 'ಜಾನಿ ಬಿ. ಗುಡ್'. ಅಷ್ಟೇ, ಕ್ಯಾಂಬೆಲ್ ಬ್ಯಾಂಡ್ ಸೇರಿಯಾಯಿತು. ಮಡ್‌ಕ್ರಚ್ ಒಡೆದು 'ಹಾರ್ಟ್‌ಬ್ರೇಕರ್ಸ್' ಹುಟ್ಟಿತು. 2017ರಲ್ಲಿ ಪೆಟ್ಟಿ ತೀರಿಕೊಳ್ಳುವವರೆಗೂ ಈ ಜೋಡಿ ಮುರಿಯಲಿಲ್ಲ.

ಇವರು ಕೆಲಸ ಹಂಚಿಕೊಂಡ ರೀತಿ ನಮ್ಮಂಥವರಿಗೆ ಬೇಗ ಅರ್ಥವಾಗುತ್ತೆ. ಕ್ಯಾಂಬೆಲ್ ಮನೆಯಲ್ಲಿ ಬರೀ ಸಂಗೀತ ರೆಕಾರ್ಡ್ ಮಾಡಿ ಟೇಪ್ ಕೊಡುತ್ತಿದ್ದ. ಇಷ್ಟವಾದದ್ದಕ್ಕೆ ಪೆಟ್ಟಿ ಮಾತು ಕೂಡಿಸುತ್ತಿದ್ದ. ಉಳಿದವು ಹಾಗೇ ಬಿದ್ದಿರುತ್ತಿದ್ದವು. 1979ರ 'ಡ್ಯಾಮ್ ದ ಟಾರ್ಪಿಡೋಸ್' ಆಲ್ಬಮ್‌ನ 'ರೆಫ್ಯೂಜಿ' ಹುಟ್ಟಿದ್ದು ಹೀಗೆ. ಬರೆದದ್ದು ಸಲೀಸು, ರೆಕಾರ್ಡಿಂಗ್ ಮಾತ್ರ ಪ್ರಾಣ ಹಿಂಡಿತು. ನೂರಕ್ಕೂ ಹೆಚ್ಚು ಸಲ ನುಡಿಸಿದರು. ತಡೆಯಲಾರದೆ ಕ್ಯಾಂಬೆಲ್ ಎರಡು ದಿನ ಊರು ಬಿಟ್ಟೇ ಹೋದ. ವಾಪಸ್ ಬಂದ ಮೇಲೆ ಹಾಡು ಕೂತಿತು. ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು.

ಎಲ್ಲವೂ ಹಾಲು-ಜೇನು ಆಗಿತ್ತು ಅಂದ್ಕೋಬೇಡಿ. ಆದಾಯದಲ್ಲಿ ಅರ್ಧ ಪೆಟ್ಟಿಗೆ, ಉಳಿದರ್ಧ ಬಾಕಿ ಎಲ್ಲರಿಗೂ ಸೇರಿ ಅಂತ ಮ್ಯಾನೇಜರ್ ಹೇಳಿದಾಗ ಬ್ಯಾಂಡಿನವರಿಗೆ ಉರಿಯಿತು. ಕ್ಯಾಂಬೆಲ್‌ಗೂ ನೋವಾಯಿತು. ಆದರೂ ಬಿಟ್ಟು ಹೋಗಲಿಲ್ಲ.

ಆದರೆ ಸುಮ್ಮನೆ ಮೂಲೆಯಲ್ಲೂ ಕೂರಲಿಲ್ಲ. 1980ರ ದಶಕದ ನಡುವೆ ಡ್ರಮ್ ಮಷೀನ್, ಸಿಂಥಸೈಜರ್ ಇಟ್ಟುಕೊಂಡು ಒಂದು ಟೇಪ್ ಮಾಡಿದ. ಅದು ಪೆಟ್ಟಿಯ ಆಲ್ಬಮ್‌ಗೆ ಹೊಂದಲಿಲ್ಲ. ಅದೇ ಟೇಪ್ 'ಈಗಲ್ಸ್'ನ ಡಾನ್ ಹೆನ್ಲಿ ಕೈಗೆ ಹೋಯಿತು. ಹೆನ್ಲಿ ಮಾತು ಬರೆದ. ಅದೇ 1984ರ 'ದ ಬಾಯ್ಸ್ ಆಫ್ ಸಮರ್', ಬಿಲ್‌ಬೋರ್ಡ್‌ನಲ್ಲಿ 5ನೇ ಸ್ಥಾನ. ಇಷ್ಟಾದರೂ ಕ್ಯಾಂಬೆಲ್ ಪೆಟ್ಟಿಗೆ ಟೇಪ್ ಕೊಡೋದನ್ನು ನಿಲ್ಲಿಸಲಿಲ್ಲ.

1989ರಲ್ಲಿ ಪೆಟ್ಟಿ ತನ್ನೊಬ್ಬನ ಹೆಸರಲ್ಲೇ 'ಫುಲ್ ಮೂನ್ ಫೀವರ್' ತಂದ. ಅದರ ಬಹುಪಾಲು ರೆಕಾರ್ಡ್ ಆದದ್ದು ಎಲ್ಲಿ ಗೊತ್ತಾ? ಕ್ಯಾಂಬೆಲ್ ಮನೆಯ ಗ್ಯಾರೇಜಿನಲ್ಲಿ! ನಿರ್ಮಾಪಕರ ಪಟ್ಟಿಯಲ್ಲಿ ಪೆಟ್ಟಿ, ಜೆಫ್ ಲಿನ್ ಜೊತೆ ಅವನ ಹೆಸರೂ ಇದೆ. ನಾನು ಮೆಟ್ರೋದಲ್ಲಿ ಕೇಳಿದ ಹಾಡು ಇದೇ ಆಲ್ಬಮ್ಮಿನದು. ಬರೆದವರಲ್ಲೂ ಮೂವರ ಹೆಸರಿದೆ.

ಅಲ್ಲಿಗೆ ನನ್ನ ಯೋಚನೆ ನಿಂತಿತು. ಕ್ಯಾಂಬೆಲ್ ಮುಂದಿನ ಮೈಕ್‌ಗೆ ಜಗಳ ಆಡಲಿಲ್ಲ. ಆದರೆ ತಾನು ಮಾಡಿದ ಕೆಲಸದ ಮೇಲೆ ತನ್ನ ಹೆಸರಿತ್ತು. ನಮ್ಮಲ್ಲೂ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರು ಅಚ್ಚಾಗುತ್ತೆ. ನನಗೆ ಬೇಕಿದ್ದದ್ದೂ ಮ್ಯಾನೇಜರ್ ಕುರ್ಚಿಯಾ, ಇಲ್ಲಾ ಹೆಸರಾ?

ಮರುದಿನ ಕ್ಯಾಂಟೀನ್‌ನಲ್ಲಿ ಗೆಳೆಯನಿಗೆ ನೇರವಾಗಿ ಕೇಳಿದೆ. "ಡಿಸೈನ್ ನಂದು ಅನ್ನೋ ಕಡೆ ನನ್ನ ಹೆಸರು ಹಾಕು, ಡೆಮೊಗೂ ಕರಿ." ಅವನು ಕಾಫಿ ಲೋಟ ಕೆಳಗಿಟ್ಟ. "ಆರು ವರ್ಷದಲ್ಲಿ ಒಂದ್ಸಲಾನೂ ಕೇಳ್ಲಿಲ್ವಲ್ಲೋ. ನಿಂಗೆ ಅದೆಲ್ಲ ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಅಂದ. ಅರ್ಧ ತಪ್ಪು ಅವನದು, ಅರ್ಧ ನನ್ನದು.

ಈಗ ಡೆಮೊಗೆ ಇಬ್ಬರೂ ಹೋಗ್ತೀವಿ. ಅವನು ಬೇಡ ಅಂದ ನನ್ನ ಒಂದು ಐಡಿಯಾವನ್ನು ಇನ್ನೊಂದು ಟೀಮ್ ತಗೊಂಡಿದೆ. ಅವನ ಸಂಬಳ ನೆನೆದರೆ ಈಗಲೂ ಸ್ವಲ್ಪ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ? ರಾಜೀನಾಮೆ ಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದೆ. ಕಳಿಸುವ ಮನಸ್ಸಿಲ್ಲ.

ಇವತ್ತು ಮನೆಗೆ ಹೋಗ್ತಾ ನಿಮ್ಮಿಷ್ಟದ ಹಾಡು ಹಾಕಿದಾಗ, ಹಾಡಿದವರ ಜೊತೆ ನುಡಿಸಿದವರ ಹೆಸರನ್ನೂ ಒಮ್ಮೆ ನೋಡಿ.