ಹಗೇವಿನ ಜೋಳ, ಭೀಮೆಯ ನೀರು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಹೊರಗಿನ ನೆರವಿಲ್ಲದೆ ಎಷ್ಟು ದಿನ ತಾಳಿಯಾವು? ಹೊಟ್ಟೆಯ ಮಟ್ಟಿಗೆ ಹೇಳುವುದಾದರೆ ಉತ್ತರ ಧೈರ್ಯ ಕೊಡುವಂಥದ್ದೇ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಳ್ಳುವ ಎರೆಹೊಲ, ಮುಂದೆ ಮಳೆ ಹೆಚ್ಚು ಬಾರದಿದ್ದರೂ ಹಿಂಗಾರಿ ಬಿಳಿಜೋಳವನ್ನು ದಡ ಮುಟ್ಟಿಸುತ್ತದೆ. ಕಾಳು ಮನೆಗೆ, ಕಣಿಕೆ ದನಕ್ಕೆ. ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ, ಎಣ್ಣೆಗೆ ಕುಸುಬೆ.

ಕೂಡಿಡುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಗಟ್ಟಿ ನೆಲದಲ್ಲಿ ತೋಡಿದ ಹಗೇವಿಗೆ ಒಣಗಿದ ಜೋಳ ಸುರಿದು, ಬಾಯಿಗೆ ಹುಲ್ಲು ಹೊದಿಸಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳು ಎರಡೂ ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಔಷಧಿಯ ಖರ್ಚಿಲ್ಲ, ಕರೆಂಟಿನ ಹಂಗಿಲ್ಲ. ಬಾಯಿ ತೆರೆದ ಕೂಡಲೇ ಒಳಗಿಳಿದರೆ ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಆದರೆ ಹಗೇವು ಬರಗಾಲಕ್ಕೆ ಕಂಡುಕೊಂಡ ಉಪಾಯ. ನೆರೆಗೆ ಅದೇ ಮೊದಲ ತುತ್ತು. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣ ದಾಟಿ ಇತ್ತ ಬಂತು. ಮುಂಗಾರಿನ ಕೊನೆಗೆ ತುಂಬಿ ನಿಂತಿದ್ದ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರಿಗೆ ಇಲ್ಲಿಯದೇ ಮಳೆ ಕೂಡಿಕೊಂಡಿತು. ಅಫಜಲಪುರದ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹರಿದು, ಜೇವರ್ಗಿಯವರೆಗೂ ಭೀಮಾ ನದಿಯ ದಂಡೆಯ ಊರುಗಳು ಮುಳುಗಿದವು. ಹೊಳೆದಂಡೆಯಲ್ಲಿ ಕಾಳು ಇರಬೇಕಾದದ್ದು ನೆಲದಡಿಯಲ್ಲಲ್ಲ, ಎತ್ತರದ ಗೋದಾಮಿನಲ್ಲಿ.

ಮನೆಯ ವಿಷಯದಲ್ಲೂ ಇದೇ ತೊಡಕು. ದಪ್ಪ ಕಲ್ಲುಗೋಡೆಯ ಮಣ್ಣಿನ ಮಾಳಿಗೆ ವೈಶಾಖದ ಬಿಸಿಲಿಗೆ ತಂಪು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಆಳಂದದಿಂದ ಬಹಳ ದೂರವೇನಲ್ಲದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಜನರನ್ನು ಹೂತುಹಾಕಿದ್ದು ಇಂಥವೇ ಮನೆಗಳು. ತೀವ್ರತೆ ಸುಮಾರು 6.2, ಸಾವು ಹತ್ತು ಸಾವಿರದ ಹತ್ತಿರ. ಕೆಸರಿನಲ್ಲಿ ಕೂರಿಸಿದ ಗುಂಡುಗಲ್ಲುಗಳಿಗೆ ಒಂದಕ್ಕೊಂದರ ಹಿಡಿತವಿರಲಿಲ್ಲ, ಮೇಲೆ ಮಣ್ಣಿನ ಭಾರ. ಹಾಗೆಂದು ತಗಡು ಹೊದಿಸಿದರೆ ಬೇಸಿಗೆಯಲ್ಲಿ ಒಳಗೆ ಕೂಡಲಾಗದು. ಗೋಡೆಯ ಎರಡೂ ಮೈ ಹಿಡಿಯುವ ಉದ್ದಗಲ್ಲುಗಳನ್ನಿಟ್ಟು, ಬಾಗಿಲು-ಕಿಟಕಿಗಳ ಮೇಲೆ ಸುತ್ತಲೂ ಕಬ್ಬಿಣ ಸೇರಿಸಿದ ಕಾಂಕ್ರೀಟ್ ಪಟ್ಟಿ ಹಾಕಿ, ಮಾಳಿಗೆಯ ಮಣ್ಣನ್ನು ಹಗುರ ಮಾಡಿದರೆ ತಂಪೂ ಉಳಿದೀತು, ಜೀವವೂ ಉಳಿದೀತು.

ಹೀಗಾಗಿ ಮೂರೂ ತಾಲ್ಲೂಕಿಗೆ ಒಂದೇ ಸಿದ್ಧತೆಯ ಪಟ್ಟಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಯಾವ ತಾಲ್ಲೂಕಿನ ಪಟ್ಟಿಯಲ್ಲೂ ಸಾಮಾನ್ಯವಾಗಿ ಬಿಟ್ಟುಹೋಗುವುದು ಗಿರಣಿ. ಬೀಸುಕಲ್ಲು ಮೂಲೆ ಸೇರಿದ ಮೇಲೆ, ಕರೆಂಟು ಹೋದ ಊರಲ್ಲಿ ಚೀಲಗಟ್ಟಲೆ ಜೋಳವಿದ್ದರೂ ರೊಟ್ಟಿಯಿಲ್ಲ. ಕುಡಿಯುವ ನೀರಿನ ಪಂಪಿಗೂ ಅದೇ ಗತಿ. ಜೇವರ್ಗಿಗೆ ಇನ್ನೊಂದು ಪೇಚು: ಜಿಲ್ಲಾ ಆಸ್ಪತ್ರೆ, ದೊಡ್ಡ ಮಾರುಕಟ್ಟೆ ಎರಡೂ ಭೀಮೆಯ ಆಚೆ ದಂಡೆಯ ಕಲಬುರಗಿಯಲ್ಲಿವೆ. ಹೊಳೆ ಏರಿ ಸೇತುವೆ ಮುಚ್ಚಿದರೆ ಹೆರಿಗೆಗೆ, ಹಾವು ಕಚ್ಚಿದವರಿಗೆ ಬೇಕಾದ ಔಷಧಿ ಈಚೆ ದಂಡೆಯಲ್ಲೇ ಇರಬೇಕು, ಅದೂ ಮಳೆಗಾಲ ಹಿಡಿಯುವ ಮುಂಚೆ.